ಗಿರಣಿಯ ಬಾಗಿಲಲ್ಲಿ ಹೂಂ ಅಂದವಳು

"ಸಾಯ್ಬೇಕು ಅಂತ ಬಂದಿದೀಯಾ?!"

ಆ ಕಿರುಚಾಟಕ್ಕೆ ಅವಳ ಎದೆ ಧಸಕ್ಕೆಂದಿತು. ಕತ್ತಿನ ಸುತ್ತ ಶಾಲು ಬಿಗಿದು ಉಸಿರು ಕಟ್ಟುತ್ತಿತ್ತು. ಶಾಲಿನ ತುದಿ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ, ಒಂದೇ ಸಮನೆ ಒಳಗೆ ಎಳೆದುಕೊಳ್ಳುತ್ತಿತ್ತು!

ಒಂದು ಕೈ ಅವಳ ಭುಜವನ್ನು ಹಿಡಿದು ಹಿಂದಕ್ಕೆ ಜಗ್ಗಿತು. ಇನ್ನೊಂದು ಕೈ ಶಾಲನ್ನು ಪರ್ರೆಂದು ಹರಿದು ಹಾಕಿತು. ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು.

ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಬಾಯಿ ತೆರೆದು ನೋಡುತ್ತಿದ್ದರು.

ಅವಳು ತಲೆಯೆತ್ತಿದಳು. ಎದುರಿಗೆ ಗಿರಣಿಯವನು. ಹುಬ್ಬು, ರೆಪ್ಪೆ, ಮೀಸೆ ಎಲ್ಲವೂ ಹಿಟ್ಟು ಹಿಡಿದು ಬೆಳ್ಳಗಾಗಿದ್ದವು. ಕಣ್ಣು ಮಾತ್ರ ಕೆಂಡದ ಹಾಗೆ!

"ಇಷ್ಟುದ್ದ ಶಾಲು ಇಳಿಬಿಟ್ಕೊಂಡು ಬೆಲ್ಟ್ ಹತ್ರ ಬರ್ತಾರಾ ಯಾರಾದ್ರೂ? ಬುದ್ಧಿ ಬೇಡ್ವಾ? ಸಾಯ್ಬೇಕಾ ನಿಂಗೆ? ಹೇಳು, ಸಾಯ್ಬೇಕಾ?"

ಅವಳಿಗೆ ಒಂದು ಪದವೂ ಅರ್ಥವಾಗಲಿಲ್ಲ. ಆ ದೇಶಕ್ಕೆ, ಆ ಹಳ್ಳಿಗೆ ಬಂದು ಇನ್ನೂ ಕೆಲವೇ ವಾರಗಳಾಗಿದ್ದವು. ಅಲ್ಲಿಯ ಭಾಷೆಯಲ್ಲಿ ಅವಳ ನಾಲಿಗೆಗೆ ಚೆನ್ನಾಗಿ ಹೊರಳುತ್ತಿದ್ದದ್ದು ಒಂದೇ ಮಾತು. ಗಾಬರಿಯಲ್ಲಿ ಅದೇ ಹೊರಬಿತ್ತು.

"ಹೂಂ," ಅಂದಳು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗಿರಣಿಯ ತಗಡಿನ ಮಾಡು ಹಾರಿಹೋಗುವಂಥ ನಗು! ಹೆಂಗಸರು ಹೊಟ್ಟೆ ಹಿಡಿದುಕೊಂಡರು. ಮುದುಕನೊಬ್ಬ ನಗುತ್ತಾ ನಗುತ್ತಾ ಚೀಲದ ಮೇಲೆ ಕುಸಿದ.

ಗಿರಣಿಯವನು ಮಾತ್ರ ನಗಲಿಲ್ಲ.

ಅವಳು ಜೋಳದ ಚೀಲವನ್ನು ಅಲ್ಲೇ ಬಿಟ್ಟು, ಹರಿದ ಶಾಲನ್ನು ಎದೆಗವಚಿಕೊಂಡು ಮನೆಗೆ ಓಡಿದಳು.

'ಎಂಥ ಮನುಷ್ಯ! ಕಾಪಾಡಿದ್ದು ಸರಿ, ಊರೆಲ್ಲ ಕೇಳುವ ಹಾಗೆ ಕೂಗಾಡಬೇಕಿತ್ತಾ? ಏನು ದುರಹಂಕಾರ!'

ಸಂಜೆ ಹೊತ್ತಿಗೆ, ಅವಳು ಉಳಿದುಕೊಂಡಿದ್ದ ಅಜ್ಜಿಯ ಮನೆಯ ಬಾಗಿಲಲ್ಲಿ ಹಿಟ್ಟಿನ ಚೀಲ ಬಂದು ಕೂತಿತ್ತು. ನುಣ್ಣಗೆ ಬೀಸಿ, ಬಾಯಿ ಕಟ್ಟಿದ್ದರು.

"ಅವನೇ ತಂದಿಟ್ಟು ಹೋದ ಮಗಳೇ," ಅಂದಳು ಅಜ್ಜಿ.

ಅದೂ ಅರ್ಥವಾಗಲಿಲ್ಲ. ಅದಕ್ಕೂ ಹೂಂ ಅಂದಳು.

ಮರುದಿನದಿಂದ ಊರಿನ ಮಕ್ಕಳ ಬಾಯಲ್ಲಿ ಅವಳು 'ಹೂಂ ಅಕ್ಕ' ಆದಳು.

* * *

ತನ್ನ ಊರಿನಲ್ಲಿ ಅವಳಿಗೆ ಮಾತೇ ಹೊಟ್ಟೆಪಾಡಾಗಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ, ಸಿಟ್ಟಾದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಸಮಾಧಾನ ಮಾಡುವುದು ಅವಳ ಕೆಲಸ. "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತೆ ಸರ್..." ದಿನವಿಡೀ ಅದೇ ಮಾತು. ಆದರೆ ಯಾರ ತೊಂದರೆಯೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಒಂದು ದಿನ ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರಬೇಕು ಅನ್ನಿಸಿತು. ಸ್ವಯಂಸೇವಕರನ್ನು ಹೊರದೇಶಕ್ಕೆ ಕಳಿಸುವ ಸಂಸ್ಥೆಯೊಂದಕ್ಕೆ ಸೇರಿಬಿಟ್ಟಳು.

"ಮನೇಲಿ ಒಂದು ಲೋಟ ತೊಳೆದಿಡಲ್ಲ, ಸಮುದ್ರ ದಾಟಿ ಹೋಗಿ ಸೇವೆ ಮಾಡ್ತಾಳಂತೆ!" ಎಂದು ಬೈಯುತ್ತಲೇ ಅಮ್ಮ ಅವಳ ಪೆಟ್ಟಿಗೆ ತುಂಬಿದ್ದಳು. ತುಂಬುತ್ತಲೇ ಅತ್ತಿದ್ದಳು.

ಹಳ್ಳಿಯ ಆರೋಗ್ಯ ಕೇಂದ್ರವೆಂದರೆ ನೀಲಿ ಕಿಟಕಿಯ ಒಂದು ಕೋಣೆ. ತೊಲೆಯಿಂದ ಒಂದು ತಕ್ಕಡಿ ನೇತಾಡುತ್ತಿತ್ತು. ಮಕ್ಕಳನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ತೂಗಿ, ಅಂಕಿಯನ್ನು ನರ್ಸಕ್ಕನಿಗೆ ಕೂಗಿ ಹೇಳಬೇಕು. ಮಕ್ಕಳು ಕಾಲು ಝಾಡಿಸುತ್ತಿದ್ದವು, ಮೈಮೇಲೆ ಉಚ್ಚೆ ಹೊಯ್ಯುತ್ತಿದ್ದವು. ತಾಯಂದಿರು ಬೆಂಚಿನ ಮೇಲೆ ಕೂತು ಅವಳಿಗೆ ಏನೇನೋ ಹೇಳಿಕೊಳ್ಳುತ್ತಿದ್ದರು.

ಅವಳು ನಗುತ್ತಾ ತಲೆಯಾಡಿಸುತ್ತಿದ್ದಳು. ಹೂಂ... ಹೂಂ...

ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆ. ಎಷ್ಟು ಸಲ ಅಂತ ಹೇಳುವುದು? ಅಜ್ಜಿಗೆ 'ನೀನು' ಅನ್ನುತ್ತಿದ್ದಳು, ಕೋಳಿಗೆ 'ನೀವು' ಅನ್ನುತ್ತಿದ್ದಳು. ನೀರು ತಂದರೆ ಅರ್ಧ ದಾರಿಯಲ್ಲೇ ಚೆಲ್ಲುತ್ತಿತ್ತು. ಅವಳು ಒಗೆದ ಬಟ್ಟೆಯನ್ನು ಅಜ್ಜಿ ಕದ್ದು ಮತ್ತೊಮ್ಮೆ ಒಗೆಯುತ್ತಿದ್ದಳು. ನೆರವಾಗಲು ಬಂದವಳಿಗೆ ಊರೇ ನೆರವಾಗುತ್ತಿತ್ತು!

'ನಾನಿಲ್ಲಿ ಯಾಕೆ ಬಂದೆ? ಯಾರಿಗೆ ಬೇಕಾಗಿದ್ದೆ ನಾನು?'

ಇದರ ಮಧ್ಯೆ ಆ ಗಿರಣಿಯವನೊಬ್ಬ. ಹಾದಿಯಲ್ಲಿ ಎದುರಾದಾಗ, ಹೋಗಲಿ ಎಂದು ಅವಳೇ ನಮಸ್ಕಾರ ಹೇಳಿದ್ದಳು. ತಲೆ ಬಗ್ಗಿಸಿಕೊಂಡು ನಡೆದೇ ಹೋದ! ಹಿಂದಿನಿಂದ ಮತ್ತೊಮ್ಮೆ ಕರೆದರೂ ತಿರುಗಲಿಲ್ಲ.

'ಹೋಗಯ್ಯಾ! ನಿನ್ನ ಮುಖ ಯಾರು ನೋಡ್ತಾರೆ!'

* * *

ಅದೊಂದು ದಿನ ಒಬ್ಬ ಎಳೆಯ ತಾಯಿ ಮಗುವನ್ನು ತೂಗಿಸಿದ ಮೇಲೂ ಹೊರಡಲಿಲ್ಲ. ಮಗುವಿನ ಹೊಟ್ಟೆ ಮುಟ್ಟಿ ತೋರಿಸುತ್ತಾ ಬಹಳ ಹೊತ್ತು ಏನೋ ಹೇಳಿದಳು. ಬೆಂಚಿನ ತುಂಬ ಜನ ಕಾಯುತ್ತಿದ್ದರು. ಅವಳು ಎಂದಿನಂತೆ ಹೂಂ ಅಂದಳು, ಮಗುವಿನ ಕೆನ್ನೆ ತಟ್ಟಿದಳು, ಮುಂದಿನವರನ್ನು ಕರೆದಳು.

ಮರುದಿನ ನರ್ಸಕ್ಕ ಲಸಿಕೆ ತರಲು ಪಟ್ಟಣಕ್ಕೆ ಹೋಗಿದ್ದಳು. ಮಧ್ಯಾಹ್ನ ಅದೇ ತಾಯಿ ಓಡಿ ಬಂದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

"ನಿನ್ನೇನೇ ಹೇಳಿದ್ನಲ್ಲ! ಭೇದಿ ನಿಲ್ತಿಲ್ಲ, ಹಾಲು ಕುಡೀತಿಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದ್ನಲ್ಲ! ಹೂಂ ಅಂದ್ಯಲ್ಲ ನೀನು!"

ಆ ಕಿರುಚಾಟದಲ್ಲಿ ಅವಳಿಗೆ ತಿಳಿದದ್ದು ಒಂದೇ ಪದ. ಹೂಂ.

ಆ ಒಂದು ಪದವೇ ಸಾಕಾಯಿತು.

ಸಕ್ಕರೆ ಉಪ್ಪಿನ ನೀರು ಕಲಸಿ ಚಮಚೆಯಲ್ಲಿ ಹಾಕಿದಳು. ಗಲ್ಲದ ಮೇಲೆ ಇಳಿದುಹೋಯಿತು. ನರ್ಸಕ್ಕನಿಗೆ ಫೋನ್ ಮಾಡಿದಳು. ಸಿಗ್ನಲ್ ಇಲ್ಲದೆ ಕರೆ ಹೋಗಲಿಲ್ಲ. ಊರಿನಲ್ಲಿ ಗಾಡಿ ಇದ್ದದ್ದು ಒಬ್ಬನ ಹತ್ತಿರ ಮಾತ್ರ.

ಮಗುವನ್ನೆತ್ತಿಕೊಂಡು ಗಿರಣಿಗೆ ಓಡಿದಳು. ಇಂಜಿನ್ ಭೋರ್ಗರೆಯುತ್ತಿತ್ತು.

"ಗಾಡಿ! ಮಗು! ಗಾಡಿ!"

ಅವನು ಅವಳ ಬಾಯಿ ನೋಡಿದ, ಮಗುವಿನ ಮುಖ ನೋಡಿದ. ಮುಂದಿನ ಕ್ಷಣ ಇಂಜಿನ್ ನಿಂತಿತ್ತು. ಯಾರದೋ ಕಾಳು ಅರ್ಧ ಬೀಸಿದ್ದು ಹಾಗೇ ಉಳಿಯಿತು. ಅಳುತ್ತಿದ್ದ ತಾಯಿಯನ್ನು ಕೈಹಿಡಿದು ಗಾಡಿಗೆ ಹತ್ತಿಸಿದ.

ದಾರಿಯುದ್ದಕ್ಕೂ ಅವಳು ಪಕ್ಕದಲ್ಲಿ ಕೂತು ಬೇಡಿದಳು. "ಬೇಗ... ಬೇಗ..."

ಅವನು ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ.

'ಕಲ್ಲು! ಬರೀ ಕಲ್ಲು ಮನುಷ್ಯ!'

* * *

ಪಟ್ಟಣದ ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಒಯ್ದರು. ತಾಯಿಯೂ ಹೋದಳು. ಹೊರಗಿನ ಜಗಲಿಯ ಬೆಂಚಿನಲ್ಲಿ ಅವರಿಬ್ಬರೇ ಉಳಿದರು. ಸಂಜೆಬಿಸಿಲು ಇಳಿಯುತ್ತಿತ್ತು. ಅವಳಿಗೆ ಯಾರ ಬಳಿಯಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತು.

"ನಿನ್ನೆ... ತಾಯಿ ಹೇಳಿದಳು. ನನಗೆ ಅರ್ಥ ಇಲ್ಲ. ನಾನು ಸುಮ್ಮನೆ ಹೂಂ. ಮಗು... ನನ್ನಿಂದ..."

ಅವನು ತಲೆಯಾಡಿಸಿದ.

"ನಾನು ಕೆಟ್ಟವಳು?"

ಅವನು ಮತ್ತೆ ಹೌದೆನ್ನುವಂತೆ ತಲೆಯಾಡಿಸಿದ. ಸಣ್ಣಗೆ ನಕ್ಕ ಕೂಡ!

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಇಷ್ಟು ಕ್ರೂರಿಯಾ ಇವನು?

ಅಷ್ಟರಲ್ಲಿ ಹಿಂದಿನಿಂದ ಕಾವಲುಗಾರ ಕೂಗಿದ. "ರೀ, ಗಿರಣಿ ಗಾಡಿಯವರೇ! ಗಾಡಿ ತೆಗೀರಿ, ದಾರಿಗೆ ಅಡ್ಡ ಇದೆ!"

ಮತ್ತೊಮ್ಮೆ ಕೂಗಿದ. ಚಪ್ಪಾಳೆ ತಟ್ಟಿದ. ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನೊಬ್ಬ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತೇ ಇದ್ದ.

ಅವಳು ಮುಖದಿಂದ ಕೈ ತೆಗೆದಳು. ಹಾದಿಯಲ್ಲಿ ತಿರುಗದೆ ಹೋದದ್ದು... ಗಾಡಿಯಲ್ಲಿ ಉತ್ತರಿಸದೆ ಇದ್ದದ್ದು... ಮಾತೆತ್ತಿದರೆ ಕೂಗುವುದು...

ಮೆಲ್ಲಗೆ ಅವನ ತೋಳು ಮುಟ್ಟಿದಳು. ಅವನು ಬೆಚ್ಚಿಬಿದ್ದ.

"ನಿನಗೆ..." ಕಿವಿ ಮುಟ್ಟಿ ತೋರಿಸಿದಳು. "ಕೇಳಲ್ಲ?"

ಅವನು ತಟ್ಟನೆ ತೋಳು ಎಳೆದುಕೊಂಡ. ಸುತ್ತ ಒಮ್ಮೆ ನೋಡಿದ. ಆಮೇಲೆ ಮೊದಲ ಸಲ ದನಿ ತಗ್ಗಿಸಿದ. ಎಷ್ಟು ತಗ್ಗಿಸಬೇಕೆಂದು ತಿಳಿಯದೆ, ಅವಳು ಬಾಗಿ ಕೇಳುವಷ್ಟು ತಗ್ಗಿಸಿದ.

"ಯಾರಿಗೂ ಹೇಳ್ಬೇಡ. ನಮ್ಮಪ್ಪನ ಕಿವೀನೂ ಇದೇ ಗಿರಣಿ ಸದ್ದಿಗೆ ಹೋಯ್ತು. ಊರೆಲ್ಲ ಕಿವುಡಪ್ಪ, ಕಿವುಡಪ್ಪ ಅಂತಿದ್ರು. ಅಪ್ಪ ಬಾಯಿ ತೆಗೆದ್ರೆ ಸಾಕು, ನಗೋರು. ಕೊನೆಕೊನೆಗೆ ಅಪ್ಪ ಮಾತಾಡೋದೇ ಬಿಟ್ಟುಬಿಟ್ಟ. ಗಿರಣಿ ಓಡ್ತಿದ್ರೆ ಎಲ್ರೂ ಕೈಸನ್ನೆ ಮಾಡ್ತಾರೆ. ಅಲ್ಲಿ ನಾನೂ ಎಲ್ಲರ ಥರ. ಹೊರಗೆ ಬಂದ್ರೆ... ಯಾರು ಏನಂದ್ರೂ ಸುಮ್ನೆ ತಲೆ ಆಡಿಸ್ತೀನಿ."

ಅವಳಿಗೆ ಆವತ್ತು ತಿಳಿದದ್ದು ಅದರಲ್ಲಿ ಕಾಲು ಭಾಗ. ಆದರೆ ಕೊನೆಯ ಮಾತಿಗೆ ಅವನು ತಲೆಯಾಡಿಸಿ ತೋರಿಸಿದ್ದ.

"ನಾನೂ!" ಎಂದಳು ಅಳುತ್ತಲೇ. "ನಾನೂ ತಲೆ!"

ಅವನು ದಿಟ್ಟಿಸಿ ನೋಡಿದ. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗುವಿನ ಜೊತೆ ಅವಳ ಕಣ್ಣೀರು ಇನ್ನೂ ಹೆಚ್ಚಾಯಿತು. ಅವನು ಹಿಟ್ಟು ಮೆತ್ತಿದ ಕರ್ಚೀಫನ್ನು ಕೊಟ್ಟ. ಒರೆಸಿಕೊಂಡ ಮುಖ ಬೆಳ್ಳಗಾಯಿತು!

ಕತ್ತಲಾಗುವ ಮುಂಚೆ ತಾಯಿ ಹೊರಗೆ ಬಂದಳು. ಮಗು ಬದುಕಿತ್ತು, ಅತ್ತಿತ್ತು. ಅವಳು ತಾಯಿಯ ಕಾಲ ಬಳಿಯೇ ಕುಸಿದು ಕೂತಳು. ತಾಯಿ ಬೈಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು.

"ಇನ್ಮೇಲೆ, ಗೊತ್ತಾಗದಿದ್ರೆ, ಗೊತ್ತಾಗ್ಲಿಲ್ಲ ಅನ್ನು. ನಾನು ಹತ್ತು ಸಲ ಹೇಳ್ತೀನಿ."

* * *

ಆಮೇಲೆ ಅವರಿಬ್ಬರ ನಡುವೆ ಒಂದು ಒಪ್ಪಂದವಾಯಿತು. ತಿಳಿಯದೆ ಯಾರೂ ತಲೆಯಾಡಿಸಕೂಡದು.

ಗಿರಣಿ ಮುಚ್ಚಿದ ಮೇಲೆ, ಇಳಿಹೊತ್ತಿನಲ್ಲಿ, ಅದರ ಮುಂದಿನ ಕಟ್ಟೆಯ ಮೇಲೆ ಅವಳಿಗೆ ಭಾಷೆಯ ಪಾಠ. ಅವನು ತುಟಿ ನೋಡಿ ಮಾತು ಹಿಡಿಯುವವನು. ಹಾಗಾಗಿ ಅವಳು ಪ್ರತಿ ಅಕ್ಷರವನ್ನೂ ಬಾಯಿ ತುಂಬ ಬಿಡಿಸಿ ಹೇಳಬೇಕು. ಅವನೂ ಎದುರಿಗೆ ಕೂತು ನಿಧಾನವಾಗಿ, ಗಟ್ಟಿಯಾಗಿ ಹೇಳುತ್ತಿದ್ದ. ಅವಳಿಗೆ ಬೇಕಾಗಿದ್ದದ್ದೂ ಅದೇ.

"ನಾನು ಮಗು ತೂಗುವುದು. ನೀನು ಹಿಟ್ಟು ತೂಗುವುದು. ಇಬ್ಬರದೂ ಒಂದೇ ಕೆಲಸ!" ಅವಳ ಮೊದಲ ಪೂರ್ತಿ ಮಾತು ಅದು.

"ನನ್ನ ಹಿಟ್ಟು ಉಚ್ಚೆ ಹೊಯ್ಯಲ್ಲ," ಅಂದ ಅವನು.

ಒಂದು ದಿನ ಅಜ್ಜಿಯ ಚೀಲವನ್ನು ಎತ್ತಿಕೊಂಡು ಬಂದು ಜಂಬದಿಂದ ಹೇಳಿದಳು. "ಕಾಲು ತಂದಿದೀನಿ. ನುಣ್ಣಗೆ ಬೀಸಿ ಕೊಡು."

"ಎಡಗಾಲಾ, ಬಲಗಾಲಾ?"

ಅವಳು ಕಕ್ಕಾಬಿಕ್ಕಿಯಾದಳು. ಅವನು ತನ್ನ ಕಾಲು ತೋರಿಸಿದ, ಚೀಲದೊಳಗಿನ ಕಾಳು ತೋರಿಸಿದ. ಅವಳು ನಾಚಿ ಮುಖ ಮುಚ್ಚಿಕೊಂಡಳು.

"ಬಿಡು. ಕಾಲು, ಕಾಳು ತುಟಿ ಮೇಲೆ ನಂಗೂ ಒಂದೇ ಥರ ಕಾಣುತ್ತೆ," ಅಂದ. "ನಿನ್ನ ನಾಲಿಗೆಗೂ ನನ್ನ ಕಿವಿಗೂ ಒಂದೇ ಕಾಯಿಲೆ!"

ಇತ್ತ ಅಜ್ಜಿ ಬಾವಿಕಟ್ಟೆಯಲ್ಲಿ ಸುದ್ದಿ ಹಬ್ಬಿಸಿದಳು. "ಗಿರಣಿಯವನು ಸಾಯಂಕಾಲ ಮುಖ ತೊಳ್ಕೊಳ್ಳೋಕೆ ಶುರು ಮಾಡಿದಾನೆ ಕಣ್ರೇ! ಅವನ ಬಣ್ಣ ಏನು ಅಂತ ಈಗ ಗೊತ್ತಾಯ್ತು!"

ಅವಳಿಗೋ... ಅವನು ತುಟಿಯನ್ನೇ ನೋಡುತ್ತಾ ಕೂತರೆ, ಹೇಳಬೇಕೆಂದಿದ್ದ ಮಾತೇ ಮರೆತುಹೋಗುತ್ತಿತ್ತು. ಸಾವಿರಾರು ಜನರ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಇಷ್ಟು ಜತನದಿಂದ ಅವಳ ಮಾತಿಗೆ ಕಾದವರು ಯಾರಿದ್ದರು?

'ಹೇಳಿಬಿಡಲಾ? ಹೇಗೆ ಹೇಳಲಿ? ಆ ಪದ ಇನ್ನೂ ಕಲಿತೇ ಇಲ್ಲವಲ್ಲ...'

* * *

ಅವನ ಕಿವಿಗೆ ಏನಾದರೂ ದಾರಿ ಇದೆಯಾ ಎಂದು ತಿಳಿಯಬೇಕು ಅನ್ನಿಸಿ, ಒಂದು ದಿನ ನರ್ಸಕ್ಕನನ್ನು ಮೆಲ್ಲಗೆ ಕೇಳಿದಳು. ಹೆಸರೆತ್ತಲಿಲ್ಲ.

"ಅಕ್ಕಾ, ದೊಡ್ಡ ಸದ್ದಿಗೆ ಕಿವಿ ಹೋದರೆ ಔಷಧಿ ಇದೆಯಾ?"

ನರ್ಸಕ್ಕ ಒಳ್ಳೆಯವಳು. ಆದರೆ ಬಾಯಿಗೆ ಬೀಗವಿಲ್ಲ. ಆ ಊರಿನಲ್ಲಿ ದೊಡ್ಡ ಸದ್ದು ಇರುವುದು ಎಲ್ಲಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರುದಿನ ಬೆಳಗ್ಗೆ ಗಿರಣಿ ಶುರುವಾಗುವ ಮುಂಚೆಯೇ ಹೋಗಿ, ಸಾಲಿನ ಎದುರಿಗೇ ಕೇಳಿಬಿಟ್ಟಳು.

"ಏನಪ್ಪಾ, ನಿಂಗೆ ಕಿವಿ ಕೇಳಲ್ವಂತೆ? ಪಟ್ಟಣಕ್ಕೆ ಹೋಗಿ ತೋರಿಸ್ಕೋಬಾರ್ದಾ?"

ಸಾಲಿನಲ್ಲಿ ಯಾರೋ ನಕ್ಕರು. "ಓಹೋ! ಅಪ್ಪನ ಹಾಗೇ ಮಗ!"

ಆ ತುಟಿಗಳು ಆಡಿದ್ದನ್ನು ಅವನು ಚೆನ್ನಾಗಿಯೇ ಓದಿಕೊಂಡ.

ಸಂಜೆ ಏನೂ ತಿಳಿಯದೆ ನಗುತ್ತಾ ಬಂದವಳಿಗೆ ಕಂಡದ್ದು ಮತ್ತೆ ಅದೇ ಕೆಂಡದಂಥ ಕಣ್ಣು.

"ನಿನಗೊಬ್ಬಳಿಗೇ ಹೇಳಿದ್ದೆ."

"ನಾನು... ಹೆಸರು ಇಲ್ಲ... ಔಷಧಿ..." ಕಲಿತ ಭಾಷೆಯೆಲ್ಲ ಎಲ್ಲಿ ಹೋಯಿತೋ! ಗಂಟಲಲ್ಲಿ ಬರೀ ತನ್ನೂರಿನ ಮಾತುಗಳೇ ಒತ್ತರಿಸಿ ಬಂದವು. ಅವು ಅವನಿಗೆ ಅರ್ಥವಾಗುವಂಥವಲ್ಲ.

ಅವನು ಬೆನ್ನು ತಿರುಗಿಸಿದ.

ಬೇರೆಯವರಾದರೆ ಹಿಂದಿನಿಂದ ಕೂಗಿಯಾದರೂ ಹೇಳಬಹುದು. ಅವನು ಬೆನ್ನು ತಿರುಗಿಸಿದರೆ ಮುಗಿಯಿತು. ಬಾಗಿಲು ಮುಚ್ಚಿದ ಹಾಗೆ. ಅವಳು ಆ ಬೆನ್ನಿನ ಹಿಂದೆ ನಿಂತು ಸುಮ್ಮನೆ ಅತ್ತಳು. ಅದೂ ಅವನಿಗೆ ಕೇಳಿಸಲಿಲ್ಲ.

* * *

ಆ ವಾರವೇ ಸಂಸ್ಥೆಯ ಮೇಡಂ ಬಂದರು.

"ಈ ಕಡೆ ನಮ್ಮ ಕೆಲಸ ನಿಲ್ಲಿಸ್ತಿದೀವಿ. ಎಲ್ಲರನ್ನೂ ವಾಪಸ್ ಕಳಿಸ್ಬೇಕು. ನಾಳೆ ಬೆಳಗ್ಗೆ ಜೀಪ್ ಬರುತ್ತೆ."

"ಮೇಡಂ, ನಾನು ಈಗ ತಾನೇ ಭಾಷೆ ಕಲೀತಿದೀನಿ... ಈಗ ತಾನೇ ಉಪಯೋಗಕ್ಕೆ ಬರ್ತಿದೀನಿ..."

"ಗೊತ್ತಮ್ಮಾ. ನನ್ನ ಕೈಯಲ್ಲಿ ಏನೂ ಇಲ್ಲ."

ಅವಳ ಕೈಯಲ್ಲಂತೂ ಮೊದಲೇ ಏನೂ ಇರಲಿಲ್ಲ.

ಗಿರಣಿಗೆ ಓಡಿದಳು. ಸುಗ್ಗಿ ಮುಗಿದ ದಿನಗಳು, ಸಾಲು ರಸ್ತೆಯವರೆಗೂ ಬೆಳೆದಿತ್ತು. ಒಳಗೆಲ್ಲ ಹಿಟ್ಟಿನ ಮಬ್ಬು. ಅವನು ಬಗ್ಗಿ ಚೀಲ ಬಿಚ್ಚುತ್ತಿದ್ದ. ಬಂದವಳು ಯಾರೆಂದು ನೋಡಿದ, ಮತ್ತೆ ತಲೆ ತಗ್ಗಿಸಿದ.

"ನಾಳೆ ನನ್ನನ್ನ ಕಳಿಸ್ತಿದಾರೆ. ನಮ್ಮೂರಿಗೆ. ಶಾಶ್ವತವಾಗಿ." ಒಂದು ಅಕ್ಷರವೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಅವಳು ಆ ಭಾಷೆಯನ್ನು ಎಂದೂ ಆಡಿರಲಿಲ್ಲ. "ಹೋಗ್ಬೇಡ ಅಂತ ಒಂದು ಮಾತು ಹೇಳ್ತೀಯಾ?"

ಅವನು ತಲೆ ಎತ್ತದೆಯೇ ಅಂದ. "ಹೂಂ. ಸರಿ, ಸರಿ. ಹೋಗು."

ಮುಂದಿನ ಚೀಲಕ್ಕೆ ಕೈ ಹಾಕಿದ.

ಕೇಳಿಸಿತಾ? ಕೇಳಿಸದೇ ಅಂದನಾ? ಇಲ್ಲ, ತಿಳಿದೇ ಹೋಗು ಅಂದನಾ? ತೋಳು ಹಿಡಿದು ಅಲುಗಿಸಿ ಕೇಳಬೇಕು ಅನ್ನಿಸಿತು. ಕೈ ಮೇಲೇಳಲಿಲ್ಲ. ಸಾಲಿನವರೆಲ್ಲ ನೋಡುತ್ತಿದ್ದರು.

ಮರುದಿನ ಅಜ್ಜಿ ಅವಳ ಕೆನ್ನೆ ಸವರಿ ಸವರಿ ಅತ್ತಳು. ನರ್ಸಕ್ಕ ಕೈ ಹಿಡಿದುಕೊಂಡು, "ತಪ್ಪು ನಂದು ಹುಡುಗೀ... ಈ ಹಾಳು ಬಾಯಿ ನಂದು," ಅಂದಳು. ಜೀಪು ಗಿರಣಿಯ ಮುಂದೆಯೇ ಹಾದುಹೋಯಿತು. ಒಳಗಿನಿಂದ ಇಂಜಿನ್ ಸದ್ದು ಮಾತ್ರ ಬಂತು. ಯಾರೂ ಹೊರಬರಲಿಲ್ಲ.

* * *

ಪಟ್ಟಣದಲ್ಲಿ ಸಂಸ್ಥೆಯ ಕಚೇರಿಯ ಮಹಡಿಯ ಮೇಲೆ ಅವಳನ್ನು ಉಳಿಸಿದ್ದರು. ವಿಮಾನಕ್ಕೆ ಇನ್ನೂ ದಿನವಿತ್ತು. ಊಟ ಸೇರುತ್ತಿರಲಿಲ್ಲ. ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದಳು.

ಅತ್ತ ಹಳ್ಳಿಯಲ್ಲಿ, ಪಾಠದ ಹೊತ್ತಿಗೆ ಅವನು ಕಟ್ಟೆಯ ಮೇಲೆ ಕಾದ. ಮುಖ ತೊಳೆದುಕೊಂಡೇ ಕಾದ. ಅವಳು ಬರಲಿಲ್ಲ. ಮರುದಿನ ಅಜ್ಜಿ ಸಾಲು ಬಿಟ್ಟು ಮುಂದೆ ನುಗ್ಗಿ, ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಯಾರಿಗೆ ಕಾಯ್ತಿದೀಯೋ? ಅವಳು ಹೋದ್ಲು! ಅವಳ ದೇಶಕ್ಕೆ ಕಳಿಸೋಕೆ ಪಟ್ಟಣದ ಆಫೀಸಿಗೆ ಕರ್ಕೊಂಡು ಹೋದ್ರು! ನಿಂಗೆ ಹೇಳೋಕೆ ಬಂದ್ರೆ ಸರಿ, ಹೋಗು ಅಂದ್ಯಂತಲ್ಲೋ!"

ಅಜ್ಜಿಯ ತುಟಿಯ ಮೇಲಿನ ಆ ಮಾತನ್ನು ಓದುತ್ತಿದ್ದಂತೆ ಅವನು ಕೈಯಲ್ಲಿದ್ದ ಚೀಲ ಕೆಳಗಿಟ್ಟ. ಆಮೇಲೆ ಇಂಜಿನ್ ನಿಲ್ಲಿಸಿ, ಗಾಡಿಯ ಕೀಲಿ ಎತ್ತಿಕೊಂಡು ಓಡಿದ. ಸಾಲಿನವರು ಕೂಗಿಕೊಂಡರು. ಯಾರಿಗೆ ಬೇಕು!

ಮಹಡಿಯ ಮೇಲೆ ಕೂತಿದ್ದವಳಿಗೆ ಕೆಳಗಿನ ಮೌನವಾದ ಕಚೇರಿಯಿಂದ ಒಂದು ದೊಡ್ಡ ದನಿ ಕೇಳಿಸಿತು.

"ನೀವು ಗಾಜಿನ ಹಿಂದೆ ತಲೆ ಬಗ್ಗಿಸ್ಕೊಂಡು ಮಾತಾಡಿದ್ರೆ ನಂಗೆ ಗೊತ್ತಾಗಲ್ಲ! ಮುಖ ಎತ್ತಿ ಹೇಳಿ! ನಂಗೆ ಕಿವಿ ಕೇಳಲ್ಲ!"

ಅವಳು ಎದ್ದು ನಿಂತಳು. ಅವನೇ! ಅದೂ... ಎಲ್ಲರ ಮುಂದೆ ಹೇಳಿದನಾ ಆ ಮಾತು?

ಮೆಟ್ಟಿಲಿಗೆ ಓಡಿದಳು. ಅರ್ಧ ಮೆಟ್ಟಿಲಲ್ಲಿ ಕಾಲು ನಿಂತುಹೋಯಿತು. ಕೆಳಗೆ ಅವನು. ಮೈಯೆಲ್ಲ ಹಿಟ್ಟು. ಗುಮಾಸ್ತರೆಲ್ಲ ಅವನನ್ನೇ ನೋಡುತ್ತಿದ್ದರು.

"ಯಾಕೆ ಬಂದೆ?" ಅಂದಳು.

"ನಿನ್ನ ಹಿಂದೆ ಕಿಟಕಿ ಇದೆ. ಮುಖ ಕಾಣ್ತಿಲ್ಲ. ಇಳಿದು ಬಾ."

ಇಳಿದಳು. ಅವನ ಎದುರಿಗೆ ಬಂದು ನಿಂತಳು. ತಡೆದಿದ್ದ ಸಿಟ್ಟೆಲ್ಲ ಒಡೆದು ಬಂತು. "ಸರಿ ಅಂದ್ಯಲ್ಲ! ಹೋಗು ಅಂದ್ಯಲ್ಲ! ಈಗ ಯಾಕೆ ಬಂದೆ?"

"ಕ್ಷಮೆ ಕೇಳೋಕೆ ಬಂದಿದೀಯ ಅಂದ್ಕೊಂಡೆ. ಸಿಟ್ಟಲ್ಲಿ ನಿನ್ನ ಮುಖ ನೋಡ್ಲಿಲ್ಲ. ಆದ್ರೂ ನಿನ್ನ ಮೇಲೆ ಎಷ್ಟು ದಿನ ಸಿಟ್ಟು ಇಟ್ಕೊಳ್ಲಿ ಅಂತ, ಸರಿ ಅಂದೆ. ಮನೆಗೆ ಹೋಗು, ಎಲ್ಲಾ ಸರಿಹೋಯ್ತು ಅಂತ..." ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. "ತಪ್ಪು ಮಾಡಿದೆ. ಕಣ್ಣೆತ್ತಿ ನೋಡಿದ್ದಿದ್ರೆ ಸಾಕಿತ್ತು."

ಅವಳ ತುಟಿ ನಡುಗಿತು. ತನಗಷ್ಟೇ ಕೇಳುವ ದನಿಯಲ್ಲಿ ಅಂದಳು. "ನೀನಂದ್ರೆ ನಂಗೆ ಪ್ರಾಣ."

"ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳು."

ಟೈಪ್ ಮಾಡುತ್ತಿದ್ದ ಕೈಗಳು ನಿಂತವು. ಅವಳ ಕಿವಿ ಕೆಂಪಾಯಿತು. ಸ್ವಲ್ಪ ಗಟ್ಟಿಯಾಗಿ ಹೇಳಿದಳು.

"ತುಟಿ ನಡುಗ್ತಿದೆ. ಸರಿಯಾಗಿ ಕಾಣ್ತಿಲ್ಲ."

"ನೀನಂದ್ರೆ ನಂಗೆ ಪ್ರಾಣ ಅಂದೆ!" ಕೂಗಿಯೇಬಿಟ್ಟಳು. ಒಳಗಿನ ಕೋಣೆಯಿಂದ ಮೇಡಂ ಕನ್ನಡಕ ಸರಿಪಡಿಸಿಕೊಳ್ಳುತ್ತಾ ಹೊರಗೆ ಬಂದರು.

"ನಮಗೆಲ್ಲ ಕೇಳಿಸ್ತಪ್ಪಾ!" ಅಂದ ಗಾಜಿನ ಹಿಂದಿನ ಗುಮಾಸ್ತ.

ಅವನು ಕಣ್ಣೊರೆಸಿಕೊಂಡು ನಕ್ಕ. "ಮೊದಲನೇ ಸಲಾನೇ ಗೊತ್ತಾಯ್ತು. ಇನ್ನೊಂದ್ಸಲ ನೋಡ್ಬೇಕು ಅನ್ಸ್ತು."

ಅವಳು ಅವನ ಎದೆಗೆ ಗುದ್ದಿದಳು. ಹಿಟ್ಟು ಹಾರಿತು. ಆ ಎದೆಗೇ ಮುಖವಿಟ್ಟು ಅತ್ತಳು.

* * *

ಕಚೇರಿಯ ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಎದುರುಬದುರಾಗಿ ಕೂತರು.

"ನಾನು ಹೋಗ್ಲೇಬೇಕು. ಮೇಡಂ ಹತ್ರ ಎಷ್ಟು ಬೇಡಿದ್ರೂ ಅಷ್ಟೇ. ಮತ್ತೆ ಬರೋಕೆ ಎಷ್ಟು ದಿನ ಆಗುತ್ತೋ..."

"ಗೊತ್ತು."

"ಫೋನಲ್ಲಿ ನನ್ನ ಮಾತು ನಿಂಗೆ ಕೇಳಲ್ಲ."

"ಮುಖ ಕಾಣುತ್ತಲ್ಲ ಆ ಫೋನು. ನಮ್ಮೂರಲ್ಲಿ ಸಿಗ್ನಲ್ ಇಲ್ಲ. ನಾನು ಗಾಡಿ ತಗೊಂಡು ಇಲ್ಲಿಗೆ ಬರ್ತೀನಿ. ಬಂದು ನಿನ್ನ ನೋಡ್ತೀನಿ." ಸ್ವಲ್ಪ ತಡೆದು ಅಂದ. "ಈ ಬೀದೀಲೇ ಕಿವಿ ಡಾಕ್ಟರ್ ಇದಾರಂತೆ. ಒಬ್ಬನೇ ಹೋಗೋಕೆ ಭಯ. ಜೊತೆಗೆ ಬರ್ತೀಯಾ?"

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಗಲೇ ಅವಳ ಫೋನ್ ಹೊಡೆದುಕೊಂಡಿತು. ಅಮ್ಮ! ಅವನು ಫೋನಿನ ಮೇಲಿನ ಮುಖ ನೋಡಿದ, ಇವಳ ಮುಖ ನೋಡಿದ. ತಟ್ಟನೆ ಫೋನ್ ಕಸಿದುಕೊಂಡು ಬಾಯಿಗೆ ಹಿಡಿದ.

"ಅಮ್ಮಾ! ನಂಗೆ ಕಿವಿ ಕೇಳಲ್ಲ! ನೀವು ಏನಂದ್ರೂ ಗೊತ್ತಾಗಲ್ಲ! ಆದ್ರೆ ನಿಮ್ಮ ಮಗಳನ್ನ ನಾನು ಚೆನ್ನಾಗಿ ನೋಡ್ಕೊಳ್ತೀನಿ! ನಂಗೆ ಕೊಡಿ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅವಳು ನಗುತ್ತಾ, ಅಳುತ್ತಾ ಫೋನ್ ಕಿತ್ತುಕೊಂಡಳು. ಆ ಕಡೆ ಆ ಭಾಷೆಯ ಒಂದು ಅಕ್ಷರವೂ ಬಾರದ ಅಮ್ಮ ಗಾಬರಿಯಾಗಿದ್ದಳು.

"ಯಾರೇ ಅದು ಹಾಗೆ ಕೂಗಾಡೋದು? ಜಗಳ ಆಡ್ತಿದಾನಾ?"

"ಇಲ್ಲಮ್ಮಾ..." ಅವಳ ದನಿ ಒದ್ದೆಯಾಯಿತು. "ಹೆಣ್ಣು ಕೇಳ್ತಿದಾನೆ."

ಆ ಕಡೆ ಪಾತ್ರೆಯೊಂದು ಠಣ್ಣೆಂದು ಬಿತ್ತು.

"ಅಮ್ಮಾ...? ಇದೀಯಾ?"

ಮೂಗು ಸೀಟಿಕೊಂಡ ಸದ್ದು. ಆಮೇಲೆ ಅಮ್ಮನ ಮೆತ್ತಗಿನ ದನಿ ಬಂತು.

ಅವನು ಅವಳ ಮೊಣಕೈ ಅಲುಗಿಸಿದ. "ಏನಂದ್ರು? ಬೈದ್ರಾ?"

ಅವಳು ಪೂರ್ತಿಯಾಗಿ ಅವನ ಕಡೆ ತಿರುಗಿ, ಬೆಳಕಿಗೆ ಮುಖವೊಡ್ಡಿ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ನಿಂದು... ಊಟ... ಆಯ್ತಾ ಅಂತ ಕೇಳ್ತಿದಾರೆ."

ಅವನು ಅವಳ ತುಟಿಯನ್ನೇ ನೋಡುತ್ತಾ ಉಳಿದ. ಆ ಮಾತನ್ನು ಅವನಿಗೆ ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಕಣ್ಣು ತುಂಬಿ ಬಂತು.

"ಇಲ್ಲ ಅಂತ ಹೇಳು. ನಿನ್ನೆಯಿಂದ ಏನೂ ಸೇರಿಲ್ಲ ಅಂತ ಹೇಳು."

ಹೇಳಿದಳು.

"ನೀನು?" ಅಂದಳು ಅಮ್ಮ.

"ನಾನೂ ಇಲ್ಲಮ್ಮಾ."

"ಹಾಗಾದ್ರೆ ಫೋನ್ ಇಡು," ಅಂದಳು ಅಮ್ಮ. "ಇಬ್ರೂ ಮೊದ್ಲು ಎಲ್ಲಾದ್ರೂ ಕೂತು ಊಟ ಮಾಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ."